ಆಲಿಸುವ ಕುರ್ಚಿ, ಎಣಿಸುವ ಮೇಜು

ಕೌಟುಂಬಿಕ ಚಿಕಿತ್ಸೆ, ಆಪ್ತಸಮಾಲೋಚನೆ, ಹದಿಹರೆಯದವರ ತೊಂದರೆಗಳನ್ನು ಮೊದಲೇ ತಡೆಯುವ ಬಗೆಗಿನ ಸಂಶೋಧನೆ, ಇವುಗಳಲ್ಲಿ ವೃತ್ತಿ ಕಟ್ಟಿಕೊಳ್ಳುವ ಕುರಿತು ಬಂದ ಪತ್ರಗಳಲ್ಲಿ ಏಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ, ಬರೆದವರ ಗುರುತು ಹತ್ತುವಂಥ ವಿವರಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮನಃಶಾಸ್ತ್ರ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಕುಟುಂಬಗಳ ಜೊತೆ ಕೆಲಸ ಮಾಡುವ ಆಸೆಯಿದೆ, ಸಂಶೋಧನೆಯೂ ಇಷ್ಟ. ಎರಡು ದೋಣಿಗಳಲ್ಲಿ ಕಾಲಿಡಬೇಡ ಎಂದು ನಮ್ಮ ಪ್ರಾಧ್ಯಾಪಕರು ಎಚ್ಚರಿಸುತ್ತಾರೆ. ಆಪ್ತಸಮಾಲೋಚನೆಗೂ ಕೌಟುಂಬಿಕ ಚಿಕಿತ್ಸೆಗೂ ಇರುವ ವ್ಯತ್ಯಾಸವೂ ನನಗೆ ಸ್ಪಷ್ಟವಿಲ್ಲ. ನಾನು ಯಾವುದನ್ನು ಆರಿಸಿಕೊಳ್ಳಲಿ, ಮೇಡಂ?

ಉತ್ತರ: ವ್ಯತ್ಯಾಸದಿಂದ ಆರಂಭಿಸೋಣ. ಆಪ್ತಸಮಾಲೋಚನೆಯಲ್ಲಿ ಸಾಮಾನ್ಯವಾಗಿ ಒಬ್ಬ ವ್ಯಕ್ತಿ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತಾನೆ, ಸಮಾಲೋಚಕರು ಆತ ತನ್ನ ದಾರಿಯನ್ನು ತಾನೇ ಕಂಡುಕೊಳ್ಳಲು ನೆರವಾಗುತ್ತಾರೆ. ಕೌಟುಂಬಿಕ ಚಿಕಿತ್ಸಕರು ಕಷ್ಟವನ್ನು ಒಬ್ಬ ಮನುಷ್ಯನ ಒಳಗಷ್ಟೇ ಹುಡುಕದೆ ಮನುಷ್ಯರ ನಡುವೆ ಹುಡುಕುತ್ತಾರೆ: ಮಗ ಬಾಗಿಲು ಹಾಕಿಕೊಂಡಷ್ಟೂ ತಾಯಿ ಹೆಚ್ಚು ಬಡಿಯುತ್ತಾಳೆ, ತಾಯಿ ಬಡಿದಷ್ಟೂ ಮಗ ಬಿಗಿಯಾಗಿ ಮುಚ್ಚಿಕೊಳ್ಳುತ್ತಾನೆ, ಇಬ್ಬರನ್ನೂ ಕಂಡು ಬೇಸತ್ತ ತಂದೆ ಮನೆಗೆ ಇನ್ನಷ್ಟು ತಡವಾಗಿ ಬರುತ್ತಾನೆ, ಈ ಸುತ್ತು ಎಲ್ಲಿ ಶುರುವಾಯಿತು ಎಂಬುದಕ್ಕಿಂತ ಅದು ಹೇಗೆ ತನ್ನನ್ನು ತಾನೇ ಉಳಿಸಿಕೊಂಡಿದೆ ಎಂಬುದು ಅವರಿಗೆ ಮುಖ್ಯ. ಆದ್ದರಿಂದ ಕೋಣೆಯಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಂಬುದರಿಂದ ಕೌಟುಂಬಿಕ ಚಿಕಿತ್ಸೆಯನ್ನು ಗುರುತಿಸಲಾಗದು. ಒಬ್ಬರೇ ಕುಳಿತಿದ್ದರೂ ಅದು ಕೌಟುಂಬಿಕ ಚಿಕಿತ್ಸೆಯಾಗಬಹುದು, ಐದು ಜನ ಕುಳಿತಿದ್ದರೂ ಆಗದೆ ಇರಬಹುದು.

ಇನ್ನು ದೋಣಿಗಳ ಮಾತು. ನಿಮ್ಮ ಪ್ರಾಧ್ಯಾಪಕರು ನಿಮ್ಮ ಹಿತಕ್ಕಾಗಿಯೇ ಹಾಗೆ ಹೇಳಿರಬಹುದು, ಆದರೆ ಈ ಕ್ಷೇತ್ರದ ಮಟ್ಟಿಗೆ ಅವು ಎರಡು ದೋಣಿಗಳೆಂದು ನನಗೆ ಎಂದೂ ಅನಿಸಿಲ್ಲ. ಇತಿಹಾಸವನ್ನೇ ನೋಡಿ. 1950ರ ದಶಕದಲ್ಲಿ ನೇಥನ್ ಆಕರ್‌ಮನ್, ಮರ್ರೇ ಬೋವೆನ್, ಡಾನ್ ಜ್ಯಾಕ್ಸನ್, ವರ್ಜೀನಿಯಾ ಸಟೀರ್ ಮೊದಲಾದವರು ಅಮೆರಿಕದಲ್ಲಿ ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸಿಕೊಂಡು ಮಾತನಾಡಿಸತೊಡಗಿದಾಗ ಅದೊಂದು ಶಿಸ್ತುಭಂಗವೇ ಆಗಿತ್ತು, ಏಕೆಂದರೆ ರೋಗಿಯ ಬಂಧುಗಳನ್ನು ಚಿಕಿತ್ಸೆಯ ಕೋಣೆಯಿಂದ ದೂರ ಇಡಬೇಕೆಂಬುದು ಫ್ರಾಯ್ಡ್ ಆರಂಭಿಸಿದ ಮನೋವಿಶ್ಲೇಷಣೆಯಿಂದ ಬಂದ ಸಂಪ್ರದಾಯ. ಧೈರ್ಯದ ಹೆಜ್ಜೆ ಅದು. ಆದರೆ ಅದೇ ಹುರುಪಿನಲ್ಲಿ ಒಂದು ದೊಡ್ಡ ತಪ್ಪೂ ನಡೆಯಿತು. ಗ್ರೆಗರಿ ಬೇಟ್ಸನ್ ಮತ್ತು ಅವರ ಸಂಗಡಿಗರು 1956ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ, ಬಾಯಿಯಿಂದ ಹತ್ತಿರ ಕರೆಯುತ್ತ ನಡೆಯಿಂದ ದೂರ ತಳ್ಳುವಂಥ ಇಬ್ಬಂದಿಯ ಸಂದೇಶಗಳಿಗೂ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಗೂ ನಂಟು ಕಲ್ಪಿಸಿದರು. ಮಾತುಕತೆಯ ವಿಶ್ಲೇಷಣೆಯಾಗಿ ಅದು ಇಂದಿಗೂ ಓದತಕ್ಕದ್ದೇ. ಕಾಯಿಲೆಯ ಕಾರಣವಾಗಿ ಮಾತ್ರ ಅದು ಪರೀಕ್ಷೆಗೆ ನಿಲ್ಲಲಿಲ್ಲ. ಅಷ್ಟರೊಳಗೆ ಎಷ್ಟೋ ತಾಯಂದಿರು ತಮ್ಮ ಮಕ್ಕಳ ಕಾಯಿಲೆಗೆ ತಾವೇ ಕಾರಣರೆಂಬ ಅಪವಾದವನ್ನು ಹೊತ್ತು ಬದುಕಿದ್ದರು. ಕುರ್ಚಿಯಲ್ಲಿ ಕುಳಿತು ಕಂಡದ್ದನ್ನು ಮೇಜಿನ ಮೇಲೆ ಎಣಿಸಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನಮ್ಮ ವೃತ್ತಿಯಲ್ಲಿ ಕಡಿಮೆ.

ಈಗ ಇದರ ಇನ್ನೊಂದು ಮುಖ. ಯೂಟಾ ವಿಶ್ವವಿದ್ಯಾಲಯದ ಜೇಮ್ಸ್ ಅಲೆಕ್ಸಾಂಡರ್ ಮತ್ತು ಬ್ರೂಸ್ ಪಾರ್ಸನ್ಸ್, ಬಾಲನ್ಯಾಯಾಲಯದ ಮೆಟ್ಟಿಲು ಹತ್ತಿದ್ದ ಹದಿಹರೆಯದವರ ಕುಟುಂಬಗಳಿಗೆ ಅಲ್ಪಾವಧಿಯ ಕೌಟುಂಬಿಕ ಚಿಕಿತ್ಸೆ ಕೊಟ್ಟು, ಬೇರೆ ಬಗೆಯ ನೆರವು ಪಡೆದ ಮತ್ತು ಯಾವ ನೆರವನ್ನೂ ಪಡೆಯದ ಕುಟುಂಬಗಳೊಂದಿಗೆ ಹೋಲಿಸಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಪಡೆದ ಕುಟುಂಬಗಳ ಮಕ್ಕಳು ಮತ್ತೆ ತಪ್ಪಿನಲ್ಲಿ ಸಿಕ್ಕಿಬಿದ್ದದ್ದು ಕಡಿಮೆ. ಅವರು ಅಲ್ಲಿಗೇ ನಿಲ್ಲಲಿಲ್ಲ. ಎರಡೂವರೆಯಿಂದ ಮೂರೂವರೆ ವರ್ಷಗಳ ನಂತರ ಅದೇ ಮನೆಗಳ ಒಡಹುಟ್ಟಿದವರ ದಾಖಲೆಗಳನ್ನು ತೆರೆದು ನೋಡಿ 1977ರಲ್ಲಿ ಇನ್ನೊಂದು ವರದಿ ಬರೆದರು: ಕೌಟುಂಬಿಕ ಚಿಕಿತ್ಸೆ ದೊರೆತಿದ್ದ ಮನೆಗಳಲ್ಲಿ ಆ ಮಕ್ಕಳೂ ನ್ಯಾಯಾಲಯಕ್ಕೆ ಬಂದದ್ದು ಇತರ ಮನೆಗಳಿಗಿಂತ ಗಮನಾರ್ಹವಾಗಿ ಕಡಿಮೆಯಾಗಿತ್ತು. ಅಣ್ಣನಿಗೆಂದು ಕೊಟ್ಟ ಚಿಕಿತ್ಸೆ ತಮ್ಮನ ತೊಂದರೆಗೆ ಮೊದಲೇ ಹಾಕಿದ ತಡೆಯಾಯಿತು. ಇದನ್ನು ಚಿಕಿತ್ಸೆ ಎಂದು ಕರೆಯುತ್ತೀರೋ, ತಡೆ ಎಂದು ಕರೆಯುತ್ತೀರೋ, ಸಂಶೋಧನೆ ಎಂದು ಕರೆಯುತ್ತೀರೋ? ನನ್ನ ಮಟ್ಟಿಗೆ ಅದು ಮೂರೂ ಹೌದು.

ಕಾರ್ಯತಃ ಹೇಳುವುದಾದರೆ, ಮೊದಲು ಸ್ನಾತಕೋತ್ತರ ಹಂತದಲ್ಲಿ ಚಿಕಿತ್ಸೆಯ ತರಬೇತಿ ಪಡೆಯಿರಿ, ಆದರೆ ಸಂಶೋಧನಾ ವಿಧಾನಗಳ ತರಗತಿಯನ್ನು ಕಾಟಾಚಾರಕ್ಕೆ ಮುಗಿಸಬೇಡಿ. ನೋಂದಣಿಯ ನಿಯಮ, ಮೇಲ್ವಿಚಾರಣೆಯಲ್ಲಿ ಕಳೆಯಬೇಕಾದ ಗಂಟೆಗಳ ಲೆಕ್ಕ, ಯಾವ ಪದವಿ ಪಡೆದವರು ಯಾವ ಹೆಸರಿನ ಫಲಕ ಹಾಕಿಕೊಳ್ಳಬಹುದು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಇದನ್ನು ಸೇರುವ ಮುನ್ನ ವಿಚಾರಿಸಬೇಕು, ಮುಗಿಸಿದ ಮೇಲಲ್ಲ. ಕಾಲೇಜನ್ನು ಆಯ್ಕೆ ಮಾಡುವಾಗ ನಾನಾದರೆ ಕೇಳುವ ಪ್ರಶ್ನೆ ಒಂದೇ: ಇಲ್ಲಿ ವಿದ್ಯಾರ್ಥಿಗಳು ನಿಜವಾದ ಕುಟುಂಬಗಳೊಂದಿಗೆ ಮಾಡುವ ಕೆಲಸವನ್ನು ಅನುಭವಿಗಳಾರಾದರೂ ಕಣ್ಣಾರೆ ನೋಡುತ್ತಾರೆಯೇ, ಅಥವಾ ಅವರು ಬಂದು ಹೇಳಿದ್ದನ್ನು ಕೇಳಿ ತಲೆಯಾಡಿಸುತ್ತಾರೆಯೇ? ಈ ಕ್ಷೇತ್ರ ಆರಂಭದಿಂದಲೂ ಒಂದೇ ಕಡೆಯಿಂದ ಆಚೆ ಕಾಣುವ ಒಮ್ಮುಖ ಗಾಜಿನ ಹಿಂದೆ ಗುರುಗಳನ್ನು ಕೂರಿಸಿ ಬೆಳೆದದ್ದು. ಈಗ ಕುಟುಂಬದ ಲಿಖಿತ ಒಪ್ಪಿಗೆ ಪಡೆದು ಮಾಡಿಕೊಂಡ ವಿಡಿಯೊ ಮುದ್ರಣವೂ ಅದೇ ಕೆಲಸ ಮಾಡುತ್ತದೆ.

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಪ್ರೌಢಶಾಲಾ ಶಿಕ್ಷಕ. ಮಕ್ಕಳು ತಮ್ಮ ಮನೆಯ ಸಂಗತಿಗಳನ್ನು ನನ್ನಲ್ಲಿ ಹೇಳಿಕೊಳ್ಳುತ್ತಾರೆ. ನಲವತ್ತರ ಹತ್ತಿರ ಬಂದಿದ್ದೇನೆ; ಆಪ್ತಸಮಾಲೋಚಕನಾಗಲು ಹೊರಡುವುದು ತಡವಾಯಿತೇ?

ಉತ್ತರ: ತಡವಾಗಿಲ್ಲ. ವಯಸ್ಸು ಈ ವೃತ್ತಿಯಲ್ಲಿ ಸಾಲವಲ್ಲ, ಒಂದಷ್ಟು ಬಂಡವಾಳವೇ. 1960ರ ದಶಕದ ಕೊನೆಯಲ್ಲಿ ಸಾಲ್ವಡಾರ್ ಮಿನೂಚಿನ್, ಜೇ ಹೇಲಿ ಮತ್ತು ಬ್ರಾಲಿಯೊ ಮೊಂಟಾಲ್ವೊ ಫಿಲಡೆಲ್ಫಿಯಾದಲ್ಲಿ, ಈ ವಿಷಯದ ಪದವಿಯೇನೂ ಇಲ್ಲದ ಸುತ್ತಲಿನ ಬಡಾವಣೆಗಳ ಜನರನ್ನು ಆರಿಸಿ, ನಿರಂತರ ಮೇಲ್ವಿಚಾರಣೆಯಲ್ಲಿ ಕುಟುಂಬಗಳೊಂದಿಗೆ ಕೆಲಸ ಮಾಡಲು ತರಬೇತುಗೊಳಿಸಿದರು. ಪದವಿ ಬೇಡವೆಂದು ಇದರ ಅರ್ಥವಲ್ಲ; ಇಂದಿನ ನಿಯಮಗಳು ಅದನ್ನು ಕೇಳುತ್ತವೆ, ಕೇಳುವುದೇ ಸರಿ. ಬದುಕನ್ನು ಕಂಡವರಿಗೆ ಮೇಲ್ವಿಚಾರಣೆ ಸಿಕ್ಕರೆ ಅವರು ಬೇಗ ಕಲಿಯುತ್ತಾರೆ ಎಂಬುದಷ್ಟೇ ನಾನು ಹೇಳಹೊರಟದ್ದು.

ನಿಮ್ಮ ಮಟ್ಟಿಗೆ ನನ್ನ ಆತಂಕ ಬೇರೆ. ಶಿಕ್ಷಕರಿಗೆ ಉತ್ತರ ಗೊತ್ತಿರಬೇಕೆಂಬ ಅಭ್ಯಾಸ ಬಲವಾಗಿರುತ್ತದೆ. ಹುಡುಗಿಯೊಬ್ಬಳು ಮನೆಯ ಜಗಳದ ಕಥೆ ಹೇಳುತ್ತಿದ್ದರೆ ಮೂರನೆಯ ವಾಕ್ಯಕ್ಕೇ ನಿಮ್ಮ ಮನಸ್ಸಿನಲ್ಲಿ ಸಲಹೆ ಸಿದ್ಧವಾಗಿರುತ್ತದೆ, ಮತ್ತು ಆ ಸಲಹೆ ಬಹುಪಾಲು ಒಳ್ಳೆಯದೇ ಆಗಿರುತ್ತದೆ. ತೊಂದರೆಯೆಂದರೆ ಅದು ಅವಳ ಏಳನೆಯ ವಾಕ್ಯವನ್ನು ಕೇಳಗೊಡುವುದಿಲ್ಲ. ತರಬೇತಿಯ ಮೊದಲ ವರ್ಷ ನಿಮಗೆ ಕಲಿಯುವುದಕ್ಕಿಂತ ಈ ಅಭ್ಯಾಸವನ್ನು ಮರೆಯುವುದೇ ಕಷ್ಟವಾದೀತು.

ಇನ್ನೊಂದು ಕೆಲಸವನ್ನು ಇಂದೇ ಆರಂಭಿಸಬಹುದು. ನಿಮ್ಮ ಸ್ವಂತ ಕುಟುಂಬದ ಮೂರು ತಲೆಮಾರುಗಳ ನಕ್ಷೆಯನ್ನು ಬರೆಯಿರಿ: ಯಾರು ಯಾರೊಂದಿಗೆ ಮಾತು ಬಿಟ್ಟರು, ಯಾರ ಸಾವಿನ ನಂತರ ಮನೆ ಬದಲಾಯಿತು, ಯಾವ ವಿಷಯವನ್ನು ಎಲ್ಲರೂ ಸುಮ್ಮನೆ ದಾಟಿಹೋಗುತ್ತಾರೆ. ಮರ್ರೇ ಬೋವೆನ್ 1967ರಲ್ಲಿ ವೃತ್ತಿಬಾಂಧವರ ಸಭೆಯೊಂದರಲ್ಲಿ ಸಿದ್ಧಾಂತದ ಪ್ರಬಂಧ ಓದುವ ಬದಲು ತಮ್ಮ ಸ್ವಂತ ಕುಟುಂಬದಲ್ಲಿ ತಾವು ಬೇರೆ ರೀತಿಯಲ್ಲಿ ವರ್ತಿಸಲು ಮಾಡಿದ ಪ್ರಯತ್ನವನ್ನು ವಿವರಿಸಿ ಎಲ್ಲರನ್ನೂ ಬೆರಗುಗೊಳಿಸಿದ್ದರು. ನಮ್ಮ ಮನೆಯಲ್ಲಿ ನಾವು ನಿರ್ವಹಿಸಿದ ಪಾತ್ರವನ್ನೇ, ಅಂದರೆ ರಾಜಿ ಮಾಡಿಸುವವನದೋ, ತಾಯಿಯ ಪರ ನಿಲ್ಲುವವಳದೋ, ನಗಿಸಿ ಮಾತು ಮರೆಸುವವನದೋ, ಅದನ್ನೇ ಅರಿವಿಲ್ಲದೆ ಪರರ ಮನೆಯಲ್ಲೂ ಮುಂದುವರಿಸುತ್ತೇವೆ.

ಪ್ರಶ್ನೆ: ವೃತ್ತಿಗೆ ಬಂದು ಎಂಟು ತಿಂಗಳಾಗಿದೆ. ಹದಿನೈದು ವರ್ಷದ ಹುಡುಗನನ್ನು ತಾಯಿ ಕರೆತರುತ್ತಾರೆ. ಶಾಲೆಗೆ ಹೋಗುವುದಿಲ್ಲ, ಎದುರು ಮಾತನಾಡುತ್ತಾನೆ, ಸಿಗರೇಟಿನ ವಾಸನೆಯೂ ಬಂದಿದೆ. “ಇವನನ್ನು ಸರಿಮಾಡಿ ಕೊಡಿ” ಎನ್ನುತ್ತಾರೆ. ಹುಡುಗ ಬಾಯಿ ಬಿಡುವುದಿಲ್ಲ. ತಂದೆ ಬರಲು ಒಪ್ಪುವುದಿಲ್ಲ. ಮೂರು ಭೇಟಿಗಳಾದವು, ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ತಪ್ಪುತ್ತಿರುವುದು, ಬಹುಶಃ, “ಸರಿಮಾಡಿ ಕೊಡಿ” ಎಂಬ ಮಾತನ್ನು ಅರಿವಿಲ್ಲದೆ ಒಪ್ಪಿಕೊಂಡಿರುವುದರಲ್ಲಿ. ರಿಪೇರಿಗೆ ತಂದಿಟ್ಟ ವಸ್ತು ಮಾತನಾಡುವುದಿಲ್ಲ. ಆ ಹುಡುಗ ನಿಮ್ಮನ್ನು ತಾಯಿಯ ಇನ್ನೊಂದು ದನಿಯೆಂದೇ ತಿಳಿದಿದ್ದರೆ ಅವನ ಮೌನದಲ್ಲಿ ತರ್ಕವಿದೆ.

ಮೈಕೆಲ್ ರಾಬಿನ್ಸ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಿಮ್ಮ ಪರಿಸ್ಥಿತಿಗೆ ನೇರವಾಗಿ ಸಂಬಂಧಿಸಿದೆ. ಹದಿಹರೆಯದವರ ಕುಟುಂಬಗಳು ಚಿಕಿತ್ಸೆಯನ್ನು ನಡುವೆಯೇ ಏಕೆ ಬಿಟ್ಟುಹೋಗುತ್ತವೆ ಎಂದು ಅವರು ಮೊದಲ ಭೇಟಿಯ ವಿಡಿಯೊ ಮುದ್ರಣಗಳನ್ನು ನೋಡಿ ಪರಿಶೀಲಿಸಿದಾಗ, ಚಿಕಿತ್ಸಕರೊಂದಿಗೆ ತಂದೆತಾಯಿಯರ ಬಾಂಧವ್ಯ ಎಷ್ಟು ಗಟ್ಟಿ, ಮಕ್ಕಳದ್ದು ಎಷ್ಟು ಗಟ್ಟಿ ಎಂಬುದನ್ನು ಬೇರೆ ಬೇರೆಯಾಗಿ ನೋಡಿದರೆ ಹೆಚ್ಚೇನೂ ತಿಳಿಯಲಿಲ್ಲ. ಎರಡರ ನಡುವಿನ ಅಂತರವೇ ಮುಖ್ಯವಾಗಿತ್ತು. ದೊಡ್ಡವರ ಕಡೆ ಹೆಚ್ಚು ವಾಲಿದ ಚಿಕಿತ್ಸಕರನ್ನು ಕುಟುಂಬಗಳು ಬಿಟ್ಟುಹೋದವು. ಹಾಗಾಗಿ ಮುಂದಿನ ಭೇಟಿಯಲ್ಲಿ ನಿಮ್ಮ ಕುರ್ಚಿ ಯಾವ ಕಡೆಗೆ ತಿರುಗಿದೆ, ನೀವು ಯಾರ ವಾಕ್ಯಕ್ಕೆ ತಲೆಯಾಡಿಸುತ್ತೀರಿ ಎಂಬುದನ್ನು ಗಮನಿಸಿಕೊಳ್ಳಿ. ಹುಡುಗನಿಗೆ ಇದರಿಂದ ಸಿಗಬಹುದಾದದ್ದು ಏನು ಎಂದು ಅವನನ್ನೇ ಕೇಳಿ. “ಅಮ್ಮ ದಿನಾ ಕಿರುಚದೆ ಇದ್ದರೆ ಸಾಕು” ಎಂದರೆ ಅದನ್ನೂ ಚಿಕಿತ್ಸೆಯ ಗುರಿಗಳ ಪಟ್ಟಿಯಲ್ಲಿ ಬರೆದುಕೊಳ್ಳಿ, ಅವನ ಕಣ್ಣೆದುರಿಗೇ.

ಮಾತನಾಡದವರನ್ನು ಮಾತಿಗೆ ಎಳೆಯಲು ಇಟಲಿಯ ಕೌಟುಂಬಿಕ ಚಿಕಿತ್ಸಕರಾದ ಮಿಲಾನ್ ತಂಡದವರು ರೂಢಿಗೆ ತಂದ ಸುತ್ತುಪ್ರಶ್ನೆಗಳು ನನಗೆ ಬಹಳ ಸಲ ನೆರವಾಗಿವೆ. ಒಬ್ಬರ ಬಗ್ಗೆ ಅವರನ್ನೇ ಕೇಳದೆ, ಇನ್ನಿಬ್ಬರ ನಡುವೆ ನಡೆಯುವುದರ ಬಗ್ಗೆ ಕೇಳುವುದು ಅದರ ಗುಟ್ಟು. “ನೀನು ಯಾಕೆ ಶಾಲೆಗೆ ಹೋಗುವುದಿಲ್ಲ?” ಎಂದರೆ ಭುಜ ಕುಣಿಸಿ ಸುಮ್ಮನಾಗುವ ಹುಡುಗ, “ನೀನು ಶಾಲೆಗೆ ಹೋಗದ ದಿನ ಅಪ್ಪ ಅಮ್ಮ ಹೆಚ್ಚು ಮಾತನಾಡುತ್ತಾರೋ, ಕಡಿಮೆಯೋ?” ಎಂದು ಕೇಳಿದರೆ ತಲೆಯೆತ್ತುತ್ತಾನೆ. ಅದಕ್ಕೆ ಅವನು ಕೊಡುವ ಉತ್ತರದಲ್ಲಿ ಎಷ್ಟೋ ವೇಳೆ ಇಡೀ ಮನೆ ಕಾಣಿಸುತ್ತದೆ.

ತಂದೆಯ ವಿಷಯ. ಬರಲೊಪ್ಪದವರನ್ನು ಚಿಕಿತ್ಸೆಗೆ ಅಡ್ಡಿಯೆಂದು ನೋಡುವುದು ನಮ್ಮೆಲ್ಲರ ಮೊದಲ ಪ್ರತಿಕ್ರಿಯೆ. ಮಯಾಮಿಯಲ್ಲಿ ಕ್ಯೂಬಾದಿಂದ ವಲಸೆ ಬಂದ ಕುಟುಂಬಗಳೊಂದಿಗೆ 1970ರ ದಶಕದಿಂದ ಕೆಲಸ ಮಾಡಿದ ಹೊಸೆ ಸಪೋಚ್ನಿಕ್ ಇದನ್ನು ತಿರುವಿಹಾಕಿದರು. ಬರಲೊಪ್ಪದಿರುವುದು ಚಿಕಿತ್ಸೆಗೆ ಮುಂಚಿನ ತೊಡಕಲ್ಲ, ಹುಡುಗನ ತೊಂದರೆಯನ್ನು ಉಳಿಸಿಕೊಂಡು ಬಂದಿರುವ ಅದೇ ವಿನ್ಯಾಸದ ಒಂದು ತುದಿ ಎಂಬುದು ಅವರ ವಾದ; ಆದ್ದರಿಂದ ಮೊದಲ ದೂರವಾಣಿ ಕರೆಯಲ್ಲೇ ಚಿಕಿತ್ಸೆ ಆರಂಭವಾಗಬೇಕು, ಬೇಕಾದರೆ ಚಿಕಿತ್ಸಕರೇ ತಂದೆಯೊಂದಿಗೆ ನೇರವಾಗಿ ಮಾತನಾಡಬೇಕು, ಅವರಿಗೆ ಬರುವುದರಿಂದ ಆಗುವ ಭಯವೇನೆಂದು ತಿಳಿದುಕೊಳ್ಳಬೇಕು. 1988ರಲ್ಲಿ ಪ್ರಕಟವಾದ ಅವರ ತಂಡದ ಹೋಲಿಕೆಯಲ್ಲಿ, ಈ ಕ್ರಮವನ್ನು ಅನುಸರಿಸಿದಾಗ ಶೇ 93ರಷ್ಟು ಕುಟುಂಬಗಳು ಚಿಕಿತ್ಸೆಗೆ ಬಂದವು. ಎಂದಿನ ರೀತಿಯಲ್ಲಿ ಕರೆದಾಗ ಬಂದದ್ದು ಶೇ 42. ಹಾಗಾಗಿ “ನಿಮ್ಮ ಯಜಮಾನರನ್ನು ಕರೆತನ್ನಿ” ಎಂದು ತಾಯಿಗೆ ಹೇಳಿ ಕೂರಬೇಡಿ. ಮನೆಯಲ್ಲಿ ಈಗಾಗಲೇ ಅವರು ಸೋತಿರುವ ಕೆಲಸವನ್ನೇ ಮತ್ತೆ ಅವರಿಗೆ ವಹಿಸಿದಂತಾಗುತ್ತದೆ. ತಾಯಿಯ ಒಪ್ಪಿಗೆ ಪಡೆದು ನೀವೇ ಫೋನ್ ಮಾಡಿ. ಮಗನ ತಪ್ಪುಗಳ ಪಟ್ಟಿ ಒಪ್ಪಿಸಲು ಕರೆಯುತ್ತಿಲ್ಲ, ನಿಮಗೆ ಗೊತ್ತಿರುವ ಹುಡುಗ ಎಂಥವನೆಂದು ತಿಳಿಯಬೇಕಾಗಿದೆ ಎಂದು ಹೇಳಿ. ಅಷ್ಟಾದರೂ ಬರದಿದ್ದರೆ ಎದೆಗುಂದಬೇಡಿ. ಮನೆಯ ಒಬ್ಬರೊಂದಿಗೆ ಮಾತ್ರ ಕೆಲಸ ಮಾಡಿಯೂ ಇಡೀ ಮನೆಯ ನಡೆಯನ್ನು ಬದಲಿಸಬಹುದೆಂಬುದನ್ನು ಇದೇ ತಂಡ 1980ರ ದಶಕದಲ್ಲಿ ತೋರಿಸಿತ್ತು.

ಎರಡು ಎಚ್ಚರಿಕೆಗಳಿವೆ. ಹುಡುಗ ಒಬ್ಬನೇ ಇರುವಾಗ ಹೇಳಿದ್ದರಲ್ಲಿ ಯಾವುದು ನಿಮ್ಮಲ್ಲೇ ಉಳಿಯುತ್ತದೆ, ಯಾವುದನ್ನು ನೀವು ದೊಡ್ಡವರಿಗೆ ತಿಳಿಸಲೇಬೇಕಾಗುತ್ತದೆ, ಅಂದರೆ ಜೀವಕ್ಕೆ ಅಪಾಯ ಮತ್ತು ದೌರ್ಜನ್ಯದ ಸಂಗತಿಗಳು, ಎಂಬುದನ್ನು ಎಲ್ಲರ ಎದುರು ಮೊದಲ ದಿನವೇ ಹೇಳಿರಬೇಕಿತ್ತು. ಹೇಳಿಲ್ಲವಾದರೆ ಮುಂದಿನ ಭೇಟಿಯ ಮೊದಲ ಐದು ನಿಮಿಷ ಅದಕ್ಕೇ ಮೀಸಲಾಗಲಿ. ಎರಡನೆಯದು ಇನ್ನೂ ಗಂಭೀರ. ಮನೆಯಲ್ಲಿ ಹೊಡೆತ ಬಡಿತವಿದೆಯೇ, ಯಾರಾದರೂ ಯಾರಿಗಾದರೂ ಹೆದರಿ ಬದುಕುತ್ತಿದ್ದಾರೆಯೇ ಎಂದು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ ತಿಳಿಯುವವರೆಗೆ ತಂದೆಯನ್ನು ಕೋಣೆಗೆ ಕರೆತರಲು ಆತುರಪಡಬೇಡಿ. ಹಿಂಸೆಯಿರುವ ಮನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮನಬಿಚ್ಚಿ ಮಾತನಾಡಿ ಎಂದರೆ, ಆ ಮಾತಿನ ಬೆಲೆಯನ್ನು ದುರ್ಬಲರು ಮನೆಗೆ ಹೋದ ಮೇಲೆ ತೆರಬೇಕಾಗುತ್ತದೆ.

ಪ್ರಶ್ನೆ: ನಮ್ಮ ಸ್ವಯಂಸೇವಾ ತಂಡ ಶಾಲೆಗಳಿಗೆ ಹೋಗಿ ಮಾದಕ ವಸ್ತುಗಳ ವಿರುದ್ಧ ಉಪನ್ಯಾಸ ಕೊಡುತ್ತದೆ. ವ್ಯಸನದಿಂದ ಹೊರಬಂದವರು ತಮ್ಮ ಕಥೆ ಹೇಳುತ್ತಾರೆ, ಮಕ್ಕಳು ಕಣ್ಣೀರು ಹಾಕುತ್ತಾರೆ, ಶಿಕ್ಷಕರು ಮೆಚ್ಚುತ್ತಾರೆ. ಇತ್ತೀಚೆಗೆ ಸಂಶೋಧಕರೊಬ್ಬರು ಇದರಿಂದ ಉಪಯೋಗವಿಲ್ಲ ಎಂದುಬಿಟ್ಟರು. ಬಹಳ ನೋವಾಯಿತು. ಒಂದು ಮಗುವಾದರೂ ಉಳಿದರೆ ಸಾಲದೇ?

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ನಾನು ಆ ಸಂಶೋಧಕರ ಪಕ್ಷ. ಒಂದು ಮಗು ಉಳಿದರೆ ಸಾಕೆಂಬ ಮಾತು ಇನ್ನೊಂದು ಮಗುವಿಗೆ ಕೆಡುಕಾಗದು ಎಂಬ ನಂಬಿಕೆಯ ಮೇಲೆ ನಿಂತಿದೆ, ಮತ್ತು ನಮ್ಮ ಕ್ಷೇತ್ರದಲ್ಲಿ ಆ ನಂಬಿಕೆ ಮುರಿದು ಬಿದ್ದು ಬಹಳ ಕಾಲವಾಗಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸೋಮರ್‌ವಿಲ್ ಪಟ್ಟಣಗಳಲ್ಲಿ, ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ರೂಪಿಸಿದ ಯೋಜನೆಯೊಂದು 1939ರಲ್ಲಿ ಆರಂಭವಾಯಿತು. ವಯಸ್ಸು, ಮನೆಯ ಪರಿಸ್ಥಿತಿ, ನಡವಳಿಕೆ ಎಲ್ಲದರಲ್ಲೂ ಹೋಲುವ ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ನೆರವು ಕೊಟ್ಟು ಇನ್ನೊಬ್ಬನನ್ನು ಹಾಗೆಯೇ ಬಿಟ್ಟರು. ನೆರವೆಂದರೆ ಒಂದೆರಡು ಉಪನ್ಯಾಸಗಳಲ್ಲ: ಸಮಾಲೋಚಕರು ವರ್ಷಗಟ್ಟಲೆ, ಸರಾಸರಿ ತಿಂಗಳಿಗೆ ಎರಡು ಸಲ, ಮನೆಗೆ ಹೋಗುತ್ತಿದ್ದರು, ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲವೂ ಇದ್ದವು. ಮೂರು ದಶಕಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ 506 ಮಂದಿಯನ್ನು ಹುಡುಕಿಕೊಂಡು ಹೊರಟರು. ನೆರವು ಪಡೆದವರಲ್ಲಿ ಮೂರನೆಯ ಎರಡು ಪಾಲು ಜನ ಆ ಯೋಜನೆಯಿಂದ ತಮಗೆ ಒಳಿತಾಯಿತೆಂದೇ ಹೇಳಿದರು. ಆದರೆ 1978ರಲ್ಲಿ ಮೆಕಾರ್ಡ್ ಪ್ರಕಟಿಸಿದ ಲೆಕ್ಕ ಬೇರೆಯೇ ಇತ್ತು. ಒಂದಕ್ಕಿಂತ ಹೆಚ್ಚು ಅಪರಾಧ ಮಾಡುವುದರಲ್ಲಿ, ಕುಡಿತದ ಲಕ್ಷಣಗಳಲ್ಲಿ, ಗಂಭೀರ ಮಾನಸಿಕ ಕಾಯಿಲೆಯಲ್ಲಿ, ಬೇಗ ಸಾಯುವುದರಲ್ಲಿ, ನೆರವು ಪಡೆದವರ ಸ್ಥಿತಿಯೇ ಪಡೆಯದವರಿಗಿಂತ ಕೆಟ್ಟಿತ್ತು.

ಏಕೆ ಹೀಗಾಯಿತು? ಥಾಮಸ್ ಡಿಶನ್, ಮೆಕಾರ್ಡ್ ಮತ್ತು ಫ್ರಾನ್ಸ್ವಾ ಪೂಲ್ಯಾಂ 1999ರಲ್ಲಿ ಅದೇ ದಾಖಲೆಗಳನ್ನು ಮತ್ತೆ ಕೆದಕಿದಾಗ ಕೆಡುಕು ಹೆಚ್ಚಾಗಿ ಕಂಡದ್ದು ಬೇಸಿಗೆ ಶಿಬಿರಗಳಿಗೆ ಒಂದಕ್ಕಿಂತ ಹೆಚ್ಚು ಸಲ ಹೋಗಿಬಂದ ಹುಡುಗರಲ್ಲಿ. ತುಂಟತನಕ್ಕೆ ತೊಡಗಿದ ಹುಡುಗರನ್ನು ಒಂದೆಡೆ ಸೇರಿಸಿದರೆ ಅವರು ಪರಸ್ಪರರ ಪ್ರೇಕ್ಷಕರಾಗುತ್ತಾರೆ. ಒಬ್ಬನು ಮುರಿದ ನಿಯಮದ ಕಥೆಗೆ ಇನ್ನೊಬ್ಬನ ನಗುವೇ ಬಹುಮಾನ. ಇದನ್ನು ಓದಿದ ದಿನದಿಂದ “ತೊಂದರೆಯ ಮಕ್ಕಳಿಗೆ ಪ್ರತ್ಯೇಕ ಶಿಬಿರ” ಎಂಬ ಪ್ರಸ್ತಾಪ ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ನಿಮ್ಮದು ಶಿಬಿರವಲ್ಲ, ಉಪನ್ಯಾಸ, ಸರಿ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಡೇರ್ ಎಂಬ ಕಾರ್ಯಕ್ರಮದಲ್ಲಿ ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಮಾದಕ ವಸ್ತುಗಳ ಬಗ್ಗೆ ಪಾಠ ಹೇಳುತ್ತಿದ್ದರು. ಶಾಲೆಗಳೂ ಪೋಷಕರೂ ಅದನ್ನು ಬಹಳ ಇಷ್ಟಪಟ್ಟರು. ಆರನೆಯ ತರಗತಿಯಲ್ಲಿ ಆ ಪಾಠ ಕೇಳಿದ್ದ ಮಕ್ಕಳನ್ನು ಇಪ್ಪತ್ತರ ವಯಸ್ಸಿನಲ್ಲಿ ಮತ್ತೆ ಭೇಟಿಯಾದ 1999ರ ಅಧ್ಯಯನಕ್ಕೆ ಅದರ ಪರಿಣಾಮದ ಕುರುಹೇ ಸಿಗಲಿಲ್ಲ. ಮಾಹಿತಿ ಕೊಡುವುದು, ಹೆದರಿಸುವುದು, ಕಣ್ಣೀರು ತರಿಸುವುದು, ಇವು ಮಕ್ಕಳ ಮನಸ್ಸನ್ನು ಆ ಹೊತ್ತಿಗೆ ಕಲಕುತ್ತವೆ. ಆರು ತಿಂಗಳ ನಂತರ ಗೆಳೆಯನೊಬ್ಬ ಕೈ ಚಾಚಿದಾಗ ಬೇಡವೆನ್ನುವ ಬಲವನ್ನು ತಾವಾಗಿಯೇ ಕೊಡುವುದಿಲ್ಲ.

ಹಾಗಾದರೆ ಏನು ಕೊಡುತ್ತದೆ? ಉತ್ತರಗಳು ಬೇಸರ ಹುಟ್ಟಿಸುವಷ್ಟು ಸಾದಾ ಆಗಿವೆ. 1969ರಲ್ಲಿ ಮೊದಲು ವರದಿಯಾದ ‘ಒಳ್ಳೆಯ ನಡತೆಯ ಆಟ’ದಲ್ಲಿ ಶಿಕ್ಷಕರು ತರಗತಿಯನ್ನು ತಂಡಗಳಾಗಿ ಹಂಚುತ್ತಾರೆ, ನಿಯಮ ಮುರಿದಾಗಲೆಲ್ಲ ಆ ತಂಡದ ಹೆಸರಿನಲ್ಲಿ ಒಂದು ಗೀಟು ಎಳೆಯುತ್ತಾರೆ, ಗೀಟು ಕಡಿಮೆಯಿದ್ದ ತಂಡಗಳಿಗೆ ಚಿಕ್ಕದೊಂದು ಬಹುಮಾನ. ಮಾದಕ ವಸ್ತುವಿನ ಮಾತೇ ಇಲ್ಲ. 1985ರಲ್ಲಿ ಬಾಲ್ಟಿಮೋರ್‌ನ ಒಂದನೆಯ ತರಗತಿಗಳಲ್ಲಿ ಇದನ್ನು ಆಡಿಸಿ, ಶೆಪರ್ಡ್ ಕೆಲಮ್ ಅವರ ತಂಡ ಆ ಮಕ್ಕಳನ್ನು ಹತ್ತೊಂಬತ್ತು, ಇಪ್ಪತ್ತೊಂದರ ಪ್ರಾಯದವರೆಗೆ ಹಿಂಬಾಲಿಸಿತು. ಆರಂಭದಲ್ಲೇ ಜಗಳಗಂಟರೆನಿಸಿದ್ದ ಗಂಡುಮಕ್ಕಳಲ್ಲಿ, ಆಟವಾಡಿದವರು ದೊಡ್ಡವರಾದ ಮೇಲೆ ಮಾದಕ ವಸ್ತುಗಳ ಹಿಡಿತಕ್ಕೆ ಸಿಕ್ಕಿದ್ದು ಆಡದವರಿಗಿಂತ ಕಡಿಮೆಯಾಗಿತ್ತು. ಹತ್ತರಿಂದ ಹದಿನಾಲ್ಕರ ಮಕ್ಕಳನ್ನೂ ಪೋಷಕರನ್ನೂ ಮೊದಲು ಬೇರೆ ಬೇರೆಯಾಗಿ, ನಂತರ ಒಟ್ಟಿಗೆ ಕೂರಿಸಿ ಕೆಲವೇ ವಾರ ನಡೆಸುವ ಕುಟುಂಬ ಕಾರ್ಯಕ್ರಮಗಳಿಗೂ ಅಯೊವಾ ರಾಜ್ಯದ ಪ್ರಯೋಗಗಳಲ್ಲಿ ಇಂಥದ್ದೇ ಆಧಾರ ದೊರೆತಿದೆ. ಇವುಗಳಲ್ಲಿ ಯಾರೂ ಅಳುವುದಿಲ್ಲ. ಛಾಯಾಚಿತ್ರಕ್ಕೂ ಚೆನ್ನಾಗಿ ಬರುವುದಿಲ್ಲ.

ಯಾರನ್ನು ಉದ್ದೇಶಿಸಿದ ಕೆಲಸ ಎಂಬುದನ್ನೂ ನಿಮ್ಮ ತಂಡ ತೀರ್ಮಾನಿಸಿಕೊಳ್ಳಬೇಕು. ರಾಬರ್ಟ್ ಗಾರ್ಡನ್ 1983ರಲ್ಲಿ ಸೂಚಿಸಿದ ವಿಂಗಡಣೆಯನ್ನು ಈ ಕ್ಷೇತ್ರ ಇಂದಿಗೂ ಬಳಸುತ್ತದೆ: ಎಲ್ಲ ಮಕ್ಕಳಿಗೂ ಕೊಡುವಂಥದ್ದು, ಹೆಚ್ಚಿನ ಅಪಾಯದ ಪರಿಸ್ಥಿತಿಯಲ್ಲಿರುವ ಮಕ್ಕಳಿಗೆ ಕೊಡುವಂಥದ್ದು, ತೊಂದರೆಯ ಮೊದಲ ಕುರುಹು ಕಂಡವರಿಗೆ ಕೊಡುವಂಥದ್ದು. ನಿಮ್ಮ ಉಪನ್ಯಾಸ ಮೂರಕ್ಕೂ ಒಂದೇ ಮದ್ದು ಎಂಬಂತಿದೆ. ನಿಮ್ಮಲ್ಲಿ ಉತ್ಸಾಹವಿದೆ, ಶಾಲೆಗಳ ವಿಶ್ವಾಸವಿದೆ; ಇವೆರಡೂ ಸಂಶೋಧಕರಿಗೆ ಸುಲಭವಾಗಿ ಸಿಗುವುದಿಲ್ಲ. ನಿಮ್ಮನ್ನು ನೋಯಿಸಿದ ಆ ಸಂಶೋಧಕರನ್ನೇ ಕರೆದು, ಮುಂದಿನ ವರ್ಷ ಅರ್ಧ ಶಾಲೆಗಳಲ್ಲಿ ಪರೀಕ್ಷಿತವಾದ ಕಾರ್ಯಕ್ರಮವೊಂದನ್ನು ನಡೆಸಿ ಉಳಿದರ್ಧದೊಂದಿಗೆ ಹೋಲಿಸಲು ಕೇಳಿ. ಯಾವ ಶಾಲೆ ಯಾವ ಗುಂಪಿಗೆ ಎಂಬುದನ್ನು ಮಾತ್ರ ಚೀಟಿ ಎತ್ತಿ ನಿರ್ಧರಿಸಿ. ಉಳಿದ ಶಾಲೆಗಳಿಗೆ ಅನ್ಯಾಯವಾಯಿತೆಂದು ಯಾರಾದರೂ ಆಕ್ಷೇಪಿಸಿದರೆ, ಹೋಲಿಕೆ ಮುಗಿದ ಮೇಲೆ, ಅದು ಫಲ ಕೊಟ್ಟಿದ್ದರೆ, ಅವರಿಗೂ ಅದು ದೊರೆಯುತ್ತದೆ ಎಂದು ಹೇಳಬಹುದು.

ಪ್ರಶ್ನೆ: ನನಗೆ ಗಣಿತವೆಂದರೆ ಭಯ. ಸಂಶೋಧನೆ ನನಗೆ ಸಾಧ್ಯವೇ?

ಉತ್ತರ: ಸಾಧ್ಯ. ಸಂಖ್ಯಾಶಾಸ್ತ್ರದ ಲೆಕ್ಕವನ್ನು ಯಂತ್ರ ಮಾಡುತ್ತದೆ. ನೀವು ಕಲಿಯಬೇಕಾದದ್ದು ಪ್ರಶ್ನೆ ಕೇಳುವ ಕ್ರಮವನ್ನು. ಯಾರೊಂದಿಗೆ ಹೋಲಿಸಿದಿರಿ, ನಡುವೆ ಬಿಟ್ಟುಹೋದವರು ಎಷ್ಟು ಮತ್ತು ಅವರೆಂಥವರು, ಎಷ್ಟು ಕಾಲ ಹಿಂಬಾಲಿಸಿದಿರಿ ಎಂಬ ಮೂರನ್ನು ಪ್ರತಿ ಲೇಖನಕ್ಕೂ ಕೇಳುವ ಅಭ್ಯಾಸ ಮಾಡಿಕೊಂಡರೆ ಭಯದ ಅರ್ಧ ಹೋಗುತ್ತದೆ. ಮಾತುಕತೆಗಳನ್ನು ಬರಹಕ್ಕಿಳಿಸಿ ಅರ್ಥ ಹುಡುಕುವ ಗುಣಾತ್ಮಕ ಸಂಶೋಧನೆಯೂ ಇದೆ, ಆದರೆ ಅಂಕಿಗಳಿಂದ ತಪ್ಪಿಸಿಕೊಳ್ಳಲೆಂದು ಅಲ್ಲಿಗೆ ಓಡಬೇಡಿ. ಅದರ ಶಿಸ್ತು ಇದಕ್ಕಿಂತ ಸುಲಭವೇನಲ್ಲ.

ಪ್ರಶ್ನೆ: ಮಗಳು ಈ ಓದಿಗೆ ಸೇರಿದ್ದಾಳೆ. ದಿನವಿಡೀ ಪರರ ದುಃಖ ಕೇಳಿ ಅವಳ ಮನಸ್ಸು ಕೆಡದೇ? ತಾಯಿಯಾಗಿ ಕೇಳುತ್ತಿದ್ದೇನೆ.

ಉತ್ತರ: ಅಮ್ಮಾ, ನಿಮ್ಮ ಆತಂಕ ನಿರಾಧಾರವಲ್ಲ. ಈ ಕೆಲಸದಲ್ಲಿ ದಣಿವಿದೆ, ಮತ್ತು ಅದು ಕಿರಿಯರನ್ನೇ ಬೇಗ ಹಿಡಿಯುತ್ತದೆ, ಏಕೆಂದರೆ ಹೆಚ್ಚು ಕಷ್ಟದ ಕುಟುಂಬಗಳನ್ನು ಕಡಿಮೆ ಅನುಭವದವರ ಪಾಲಿಗೆ ಹಂಚುವ ಕೆಟ್ಟ ರೂಢಿ ಹಲವು ಸಂಸ್ಥೆಗಳಲ್ಲಿದೆ. ಆದರೆ ನನ್ನ ಅನುಭವದಲ್ಲಿ ಜನರನ್ನು ಕುಗ್ಗಿಸುವುದು ಕೇಳಿದ ದುಃಖಕ್ಕಿಂತ ಅದನ್ನು ಒಬ್ಬರೇ ಹೊರಬೇಕಾಗಿ ಬರುವುದು. ವಾರಕ್ಕೊಮ್ಮೆ ಹಿರಿಯರೊಬ್ಬರ ಎದುರು ಕುಳಿತು “ಈ ಮನೆಯವರೊಂದಿಗೆ ನನಗೇನೂ ತೋಚುತ್ತಿಲ್ಲ” ಎಂದು ನಾಚಿಕೆಯಿಲ್ಲದೆ ಹೇಳಬಹುದಾದ ಜಾಗ ಅವಳಿಗೆ ಸಿಕ್ಕರೆ ಬಹಳ ಕಾಲ ಬಾಳಿಕೆ ಬರುತ್ತಾಳೆ. ಮನೆಗೆ ಬಂದಾಗ ಇಂದು ಯಾರು ಬಂದಿದ್ದರು ಎಂದು ನೀವು ಕೇಳಬೇಡಿ, ಅವಳು ಹೇಳುವಂತಿಲ್ಲ. ಸುಸ್ತಾಯಿತೇ ಎಂದು ಕೇಳಿ.

ಪ್ರಶ್ನೆ: ಐದು ವರ್ಷಗಳಿಂದ ಸಮಾಲೋಚನೆ ಮಾಡುತ್ತಿದ್ದೇನೆ. ನನ್ನ ಕೆಲಸ ಚೆನ್ನಾಗಿದೆ ಎಂದು ನನಗನಿಸುತ್ತದೆ. ಇದನ್ನು ತಿಳಿಯಲು ಬೇರೆ ದಾರಿಯಿದೆಯೇ?

ಉತ್ತರ: ಇದೆ, ಮತ್ತು ನಿಮಗನಿಸುವುದನ್ನು ಮಾತ್ರ ನಂಬುವುದು ಅಪಾಯ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಪಡೆಯುತ್ತಿದ್ದ 550 ಮಂದಿಯಲ್ಲಿ ಯಾರ ಸ್ಥಿತಿ ಕೊನೆಗೆ ಹದಗೆಡಬಹುದೆಂದು ಊಹಿಸಲು ಚಿಕಿತ್ಸಕರನ್ನು ಕೇಳಲಾಯಿತು. ಅವರು ಗುರುತಿಸಿದ್ದು ಮೂವರನ್ನು. ಹದಗೆಟ್ಟವರು 40 ಮಂದಿ, ಮತ್ತು ಆ ಮೂವರಲ್ಲಿ ಈ ನಲವತ್ತರೊಳಗೆ ಇದ್ದವನು ಒಬ್ಬನೇ. ಅವರು ಅಸಡ್ಡೆಯ ಚಿಕಿತ್ಸಕರೆಂದು ನನಗನಿಸುವುದಿಲ್ಲ; ಎದುರಿಗೆ ಕುಳಿತವರು ಮರ್ಯಾದೆಗೆಂದು ನಮ್ಮನ್ನು ನೋಡಿ ನಗುತ್ತಾರೆ, ನಾವು ಅದನ್ನು ಗುಣವಾಗುವ ಲಕ್ಷಣವೆಂದು ಎಣಿಸುತ್ತೇವೆ.

ಪರಿಹಾರ ಚಿಕ್ಕದು. ಪ್ರತಿ ಭೇಟಿಯ ಆರಂಭದಲ್ಲಿ ಕಳೆದ ವಾರ ಹೇಗಿತ್ತೆಂದು, ಕೊನೆಯಲ್ಲಿ ಇಂದು ನಿಮ್ಮ ಮಾತನ್ನು ನಾನು ಕೇಳಿಸಿಕೊಂಡೆನೆಂದು ಅನಿಸಿತೇ ಎಂದು, ನಾಲ್ಕೈದು ಪ್ರಶ್ನೆಗಳ ಚೀಟಿಯಲ್ಲಿ ಅಂಕ ಹಾಕಿಸಿಕೊಳ್ಳಿ. ಇದಕ್ಕೆಂದೇ ಪರೀಕ್ಷಿಸಿ ರೂಪಿಸಿದ ಅಳತೆಪಟ್ಟಿಗಳು ಸಿಗುತ್ತವೆ. ಕುಟುಂಬ ಬಂದಿದ್ದರೆ ಒಬ್ಬೊಬ್ಬರಿಗೂ ಬೇರೆ ಚೀಟಿ, ಮಕ್ಕಳದ್ದನ್ನು ಪೋಷಕರು ಇಣುಕದಂತೆ. ಅಂಕ ಇಳಿದ ವಾರ ಸಮಜಾಯಿಷಿ ಹುಡುಕದೆ, ಅದನ್ನು ಮೇಜಿನ ಮೇಲಿಟ್ಟು “ಕಳೆದ ಬಾರಿಗಿಂತ ಈ ಬಾರಿ ಕಡಿಮೆ ಹಾಕಿದ್ದೀರಿ, ನಾನು ಏನನ್ನು ಗಮನಿಸಲಿಲ್ಲ?” ಎಂದು ಅವರನ್ನೇ ಕೇಳಿ. ಮೊದಲ ಸಲ ಹಾಗೆ ಕೇಳಿದಾಗ ನನ್ನ ಗಂಟಲು ಒಣಗಿತ್ತು. ಎದುರಿಗಿದ್ದ ಹದಿನಾರರ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಹೋದ ವಾರ ಎರಡು ಸಲ ಗಡಿಯಾರ ನೋಡಿದಿರಿ” ಎಂದಳು.